ಲಿಫ್ಟಿನಲ್ಲಿ ಗುರು ಲಘು

ಫಹಾಹೀಲಿನ ನಮ್ಮ ಕಟ್ಟಡಕ್ಕೆ ಹನ್ನೊಂದು ಮಹಡಿ, ಒಂದೇ ಲಿಫ್ಟು.
ಹೊರಡುವಾಗ ಮಲಗಿದ್ದ ಎಮ್ಮೆ ಎದ್ದಂತೆ ಕೊಸರುತ್ತದೆ.
ಪ್ರಯೋಗಕ್ಕೆ ಇನ್ನೇನು ಬೇಕು?
ಶನಿವಾರ ಬೆಳಿಗ್ಗೆ, ಒಂಬತ್ತು ಬಿ-ಯ ಆರು ಜನ,
ಪುಸ್ತಕ ತುಂಬಿದ ಚೀಲ,
ಲವೀಟಾ ಮನೆಯಿಂದ ತಂದ ಕೊಕ್ಕೆಯ ತಕ್ಕಡಿ:
ಊರಿಗೆ ಹೊರಟವರ ಪೆಟ್ಟಿಗೆ ತೂಗುವಂಥದ್ದು,
ಇಲ್ಲಿ ಎಲ್ಲರ ಮನೆ ಬಾಗಿಲ ಹಿಂದೆ ನೇತಾಡುವಂಥದ್ದು.
ಮೂವತ್ತರ ಗೆರೆಯ ಮೇಲೆ ಕೆಂಪು ನೇಲ್ ಪಾಲಿಶಿನ ಚುಕ್ಕೆ.

ಮನೆ ಖಾಲಿ ಮಾಡುತ್ತೀರಾ ಮೇಡಂ, ಎಂದ ಕಾವಲಿನ ಅಬು ಸಬ್ರಿ.
ಇಲ್ಲ, ಭೂಮಿಯ ಸೆಳೆತ ತೂಗುತ್ತೇವೆ, ಎಂದೆ ನನ್ನ ಹರಕು ಅರಬಿಯಲ್ಲಿ.
ಅವನಿಗೆ ಏನು ಕೇಳಿಸಿತೋ,
ಲಿಫ್ಟಿನ ಫ್ಯಾನು ಹಾಕಿಕೊಟ್ಟು ಹೋದ.

ನಿಂತಾಗ ಆರು ಕೆಜಿ.
ಗುಂಡಿ ಒತ್ತಿದೊಡನೆ ಮುಳ್ಳು ಆರೂವರೆಗೆ ಜಿಗಿದು
ಮತ್ತೆ ಆರಕ್ಕೆ ಬಂದು ಸುಮ್ಮನಾಯಿತು.
ಹತ್ತನೆಯದು ದಾಟುವಾಗ ಐದೂವರೆ.
"ಮಿಸ್, ಪುಸ್ತಕ ಅಷ್ಟೇ ಇವೆ!"
ಅಭಿನಂದ್ ಚೀಲ ಬಿಚ್ಚಿ ಎಣಿಸಿಯೂ ನೋಡಿದ.

ಅಷ್ಟೇ ಇವೆ ಕಣೋ.
ದ್ರವ್ಯರಾಶಿ ಹಟಮಾರಿ, ಯಾರ ಮಾತೂ ಕೇಳದು.
ತೂಕ ಹಾಗಲ್ಲ,
ಎತ್ತಿಕೊಂಡ ಕೈ ಹೇಗೆ ಓಡುತ್ತದೋ ಹಾಗೆ.

ಬೋರ್ಡಿರಲಿಲ್ಲ. ಕನ್ನಡಿಯ ಮೇಲೆ ಉಸಿರು ಬಿಟ್ಟು ಬರೆದೆ:
ಭಾರವಾದಾಗ ಒಂದು ಅಡ್ಡಗೆರೆ, ಹಗುರಾದಾಗ ಒಂದು ಬಟ್ಟಲು.
ಬರೆದ ಮೇಲೆ ಕೈ ನಿಂತಿತು.
ಹೊಸದುರ್ಗದ ಹೈಸ್ಕೂಲಿನಲ್ಲಿ ಷಟ್ಪದಿಯ ನೆತ್ತಿಯ ಮೇಲೆ
ಪಂಡಿತರು ಹಾಕಿಸುತ್ತಿದ್ದ ಗುರುತು ಇವೇ.
ಗಣ ತಪ್ಪಿ, ಬೆಂಚು ಹತ್ತಿ ನಿಂತವಳು ನಾನು.
ಹದಿನೇಳು ವರ್ಷ ಇವರಿಗೆ ಗ್ರಾವಿಟಿ, ಗ್ರಾವಿಟಿ ಎಂದವಳಿಗೆ
ಗುರುತ್ವದೊಳಗೆ ಆ ಗುರು ಕೂತದ್ದು ಕಂಡಿರಲಿಲ್ಲ.
ಏರುವಾಗ ಗುರು, ಲಘು.
ಇಳಿಯುವಾಗ ಲಘು, ಗುರು.
ನಡುವಿನ ಮಹಡಿಗಳಿಗೆ ಮಾತ್ರ ಯಾವ ಗುರುತೂ ಇಲ್ಲ.

"ಹಗ್ಗ ಕಡಿದರೆ?" ಎಂದ ಅಫ್ತಾಬ್.
ಲಿಫ್ಟು ರಿಪೇರಿಯವರ ಮಗ, ಗೊತ್ತಿದ್ದೇ ಕೇಳುವವ.
"ಆರು ಹಗ್ಗ ಇರ್ತವೆ, ಕಡಿಯಲ್ಲ," ಎಂದೂ ತಾನೇ ಅಂದ.
ಕಡಿಯಿತು ಅಂತಿಟ್ಟುಕೊ. ಮುಳ್ಳು ಸೊನ್ನೆ.
ಚೀಲ, ಕೊಕ್ಕೆ, ಕೊಕ್ಕೆ ಹಿಡಿದ ನೀನು
ಒಟ್ಟಿಗೇ ಬೀಳುವಾಗ
ಯಾರು ಯಾರನ್ನು ಹೊರಬೇಕು?

ಸಂಜೆ ಟೆರೇಸಿನಲ್ಲಿ, ಡಿಶ್ಶುಗಳ ನಡುವೆ ಕತ್ತೆತ್ತಿ ನಿಂತೆವು.
ರಿಫೈನರಿಯ ಬೆಂಕಿನಾಲಗೆಯ ಎಡಕ್ಕೆ, ಮಿನುಗದ ಒಂದು ಚುಕ್ಕೆ,
ಒಳಗೆ ಮನುಷ್ಯರು.
ಅಲ್ಲಿ ಗುರುತ್ವವೇ ಇಲ್ಲ ಎಂದು ಪರೀಕ್ಷೆಯಲ್ಲಿ ಬರೆದಿದ್ದ ನಾಲ್ವರೂ
ಇಲ್ಲೇ ಇದ್ದರು, ನಾನು ಹೆಸರು ಹೇಳಲಿಲ್ಲ.
ಇದೆ. ನೂರಕ್ಕೆ ತೊಂಬತ್ತರಷ್ಟು.
ಬೀಳುತ್ತಲೇ ಇದ್ದಾರೆ. ಪಕ್ಕಕ್ಕೆ ಓಡುವ ರಭಸ ಎಷ್ಟೆಂದರೆ
ಬೀಳಬೇಕಾದ ನೆಲವೇ ಬಾಗಿ ಬಾಗಿ ತಪ್ಪಿಸಿಕೊಳ್ಳುತ್ತದೆ.
ನಾಲ್ಕು ನಿಮಿಷ. ನಡು ಆಕಾಶದಲ್ಲಿ
ನೆರಳಿಗೆ ಸಿಕ್ಕಿ ಆರಿಹೋಯಿತು.

ಎಲ್ಲರೂ ಇಳಿದ ಮೇಲೆ ಲವೀಟಾ ಉಳಿದಳು.
"ಮಿಸ್, ತಕ್ಕಡಿ ವಾಪಸ್ ಬೇಕಿತ್ತು.
ಪಪ್ಪನ ವೀಸಾ ಮುಗೀತು, ಶುಕ್ರವಾರ ಹೋಗ್ತೇವೆ."
ಕ್ಲಾಸಿನಲ್ಲಿ ಹೇಳಿರಲಿಲ್ಲ ಇವಳು.
ಇಡೀ ದಿನ ಮುಳ್ಳು ನೋಡಿ ಕೂಗಿದ ಅಂಕಿಗಳೆಲ್ಲ ಇವಳವೇ.

ಬಾಯಿಗೆ ಏನೂ ಬರಲಿಲ್ಲ. ಕೊಡುವಾಗ ಕಣ್ಣಿಗೆ ಬಿತ್ತು:
ಕೊಕ್ಕೆ ಖಾಲಿ, ಮುಳ್ಳು ಸೊನ್ನೆಯಲ್ಲಿಲ್ಲ.
ಇನ್ನೂರು ಗ್ರಾಂ ಆಚೆಗೆ.
ಶೂನ್ಯ ದೋಷ, ಎಂದೆ. ಬೆಳಗ್ಗಿನ ಲೆಕ್ಕವೆಲ್ಲ ತಪ್ಪು,
ಇಷ್ಟನ್ನು ಕಳೆಯಬೇಕಿತ್ತು, ನಾನೇ ನೋಡಲಿಲ್ಲ.

ಅವಳು ಒಂದು ಗಳಿಗೆ ಯೋಚಿಸಿದಳು.
"ಅಂದ್ರೆ ಪೆಟ್ಟಿಗೆಗೆ
ಇನ್ನೂ ಇನ್ನೂರು ಗ್ರಾಂ ಹಾಕಬಹುದಾ ಮಿಸ್?"

ಹಾಕಬಹುದು.